ಶಾಲೆಯಲ್ಲಿ ಹಲ್ಲಿನ ಸಂಶೋಧನೆಗೆ ಮಗನ ಎಂಜಲು ಕೇಳಿದ್ದಾರೆ. ಸಹಿ ಹಾಕಲಾ?

ವಿಜಯನಗರದ ಅಮ್ಮ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗನಿಗೆ ಏಳೂವರೆ ವರ್ಷ, ಎರಡನೇ ಕ್ಲಾಸು. ಇವತ್ತು ಅವನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಕೆಳಗೆ ಮಡಿಸಿದ ಹಾಳೆ ಸಿಕ್ಕಿತು. ಮೇಲೆ ಮೊಸರನ್ನದ ಕಲೆ ಬೇರೆ. ಇಲ್ಲೇ ಬೆಂಗಳೂರಿನ ಒಂದು ಡೆಂಟಲ್ ಕಾಲೇಜಿನವರು ಶಾಲೆಗೆ ಬಂದು ಮಕ್ಕಳ ಹಲ್ಲು ನೋಡುತ್ತಾರಂತೆ. ಜೊಲ್ಲಿನ ಸ್ಯಾಂಪಲ್ ತೆಗೆದುಕೊಳ್ಳುತ್ತಾರಂತೆ. ಅದಕ್ಕೆ ನಮ್ಮ ಸಹಿ ಬೇಕು. ಸೋಮವಾರ ಕೊನೆ ದಿನ.

ಇಂಗ್ಲಿಷಿನಲ್ಲಿ ಎರಡು ಪುಟ ಇದೆ, ಕನ್ನಡದಲ್ಲಿ ಅರ್ಧ ಪುಟ. ಆ ಅರ್ಧ ಪುಟ ಓದಿದ ಮೇಲೆ ಇಂಗ್ಲಿಷೇ ವಾಸಿ ಅನ್ನಿಸಿತು. 'ಲಾಲಾರಸದ ಮಾದರಿ ಸಂಗ್ರಹಣೆಗೆ ಸ್ವಯಂಪ್ರೇರಿತ ಸಮ್ಮತಿ' ಅಂತ ಶುರುವಾಗುತ್ತದೆ. ಲಾಲಾರಸ ಅಂದರೆ ಜೊಲ್ಲು ಅಂತ ತಿಳಿಯಲು ಗೂಗಲ್ ಮಾಡಬೇಕಾಯಿತು. ಅತ್ತೆಗೆ ಹೇಳಿದರೆ "ಎಂಜಲನ್ನೂ ಯಾರಾದರೂ ಕೇಳ್ತಾರೇನೇ?" ಅಂದರು. ಗಂಡ "ಬಿಟ್ಟಿ ಚೆಕಪ್ಪು, ಹಾಕು ಸಹಿ" ಅಂತ ಟೀವಿ ಕಡೆ ತಿರುಗಿದರು.

ನೋವಾಗುತ್ತದಾ? ಜೊಲ್ಲು ಇಟ್ಟುಕೊಂಡು ಏನು ಮಾಡುತ್ತಾರೆ? ಬೇಡ ಅಂದರೆ ಶಾಲೆಯವರು ಮುಖ ಸಿಂಡರಿಸುತ್ತಾರಾ? ಗೊತ್ತಿದ್ದವರು ಹೇಳಿ.

ಅನುಮಾನದ ಅಣ್ಣ · ಶುಕ್ರವಾರ ರಾತ್ರಿ 10:05

ಹಾಕಬೇಡಿ. ಹಲ್ಲಿನ ಸಂಶೋಧನೆಯ ಚರಿತ್ರೆ ಗೊತ್ತಾ ನಿಮಗೆ? ಸ್ವೀಡನ್ನಿನ ಲುಂಡ್ ಊರಿನಲ್ಲಿ ವಿಪೆಹೋಲ್ಮ್ ಅಂತ ಒಂದು ಆಸ್ಪತ್ರೆ ಇತ್ತು. ಬುದ್ಧಿ ಬೆಳವಣಿಗೆ ಕಡಿಮೆ ಇದ್ದವರನ್ನು ಅಲ್ಲಿ ಇಡುತ್ತಿದ್ದರು. 1945ರಿಂದ ಕೆಲವು ವರ್ಷ ಅವರ ಮೇಲೆ ಪ್ರಯೋಗ ನಡೆಯಿತು. ಹಲ್ಲಿಗೆ ಅಂಟುವ ಹಾಗೆ ಟಾಫಿ ಮಾಡಿಸಿ, ದಿನವಿಡೀ ತಿನ್ನಿಸಿದರು. ಹಲ್ಲು ಹುಳುಕಾಗುತ್ತದಾ ಅಂತ ನೋಡಲು! ಎಷ್ಟೋ ಜನರ ಹಲ್ಲು ಹಾಳಾಯಿತು. ಮಿಠಾಯಿ ಕಂಪನಿಗಳ ದುಡ್ಡೂ ಅದರಲ್ಲಿತ್ತು. ಅವರನ್ನು ಒಂದು ಮಾತು ಕೇಳಲಿಲ್ಲ. ಬಿಟ್ಟಿ ಚೆಕಪ್ ಅಂತ ಹಿಗ್ಗಬೇಡಿ.

ಪಿಜಿ ಎರಡನೇ ವರ್ಷ · ಶುಕ್ರವಾರ ರಾತ್ರಿ 11:20

ನಾನು ಇದೇ ಊರಿನಲ್ಲಿ ಎಂಡಿಎಸ್ (ಹಲ್ಲಿನ ಡಾಕ್ಟರಿಕೆಯ ಪಿಜಿ) ಮಾಡುತ್ತಿದ್ದೇನೆ. ಸಾರ್ವಜನಿಕ ದಂತ ಆರೋಗ್ಯ ವಿಭಾಗ. ನಿಮ್ಮ ಮಗನ ಶಾಲೆಗೆ ಬರುವವರು ನಾವಲ್ಲ, ಬೇರೆ ಕಾಲೇಜು. ಆದರೆ ಕೆಲಸ ಒಂದೇ.

ಅಣ್ಣ ಹೇಳಿದ್ದು ನಿಜ. ವಿಪೆಹೋಲ್ಮ್ ಕಥೆ ನಮಗೂ ಪಾಠದಲ್ಲಿದೆ, ತಲೆ ತಗ್ಗಿಸಿ ಓದುವ ಪಾಠ. 1954ರಲ್ಲಿ ಅದರ ಫಲಿತಾಂಶ ಬಂತು. ಎಷ್ಟು ಸಕ್ಕರೆ ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು, ಅದು ಹಲ್ಲಿಗೆ ಎಷ್ಟು ಹೊತ್ತು ಅಂಟಿಕೊಂಡಿತ್ತು ಅನ್ನುವುದೇ ಮುಖ್ಯ ಅಂತ ತಿಳಿಯಿತು. ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಇದೆಯಲ್ಲ, ಅದರ ಬೇರು ಅಲ್ಲೇ. ಇವತ್ತು "ಊಟದ ಜೊತೆ ಸಿಹಿ ತಿನ್ನಿ, ಮಧ್ಯೆ ಮಧ್ಯೆ ಬೇಡ" ಅಂತ ನಾವು ಹೇಳುವ ಮಾತಿಗೂ ಆ ಜನರ ಹಲ್ಲೇ ಸಾಕ್ಷಿ. ಬೇಜಾರಿನ ವಿಷಯ.

ಇನ್ನೊಂದು ಪ್ರಯೋಗವನ್ನೂ ಪಕ್ಕದಲ್ಲಿಟ್ಟು ನೋಡಿ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹ್ಯಾರಲ್ಡ್ ಲೋ ಮತ್ತು ಜೊತೆಯವರು 12 ಜನರಿಗೆ ಹಲ್ಲುಜ್ಜುವುದನ್ನು ಬಿಡಿಸಿದರು. ಹೆಚ್ಚಿನವರು ಅಲ್ಲಿ ಓದುವ ವಿದ್ಯಾರ್ಥಿಗಳೇ. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ವಸಡಿನ ರೋಗಕ್ಕೆ ಹಲ್ಲಿನ ಮೇಲಿನ ಪಾಚಿಯೇ ಕಾರಣ ಅಂತ ಅಲ್ಲಿ ಗಟ್ಟಿಯಾಯಿತು. ಇವರಿಗೆ ಏನು ನಡೆಯುತ್ತಿದೆ ಅಂತ ಗೊತ್ತಿತ್ತು. ಆದ ತೊಂದರೆಯೂ ವಾಪಸ್ ಸರಿಯಾಗುವಂಥದ್ದು. ಹುಳುಕು ಹಾಗಲ್ಲ, ಒಮ್ಮೆ ತೂತು ಬಿದ್ದರೆ ಬಿದ್ದ ಹಾಗೆಯೇ.

ಇನ್ನು ನಿಮ್ಮ ಪ್ರಶ್ನೆಗಳು. ನೋವಾಗಲ್ಲ. ಮಗುವನ್ನು ಕಿಟಕಿ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಕನ್ನಡಿ ಮತ್ತು ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು ಇರುವ ಕಡ್ಡಿ ಹಿಡಿದು ನೋಡುತ್ತಾರೆ. ಒಬ್ಬರು ಹೇಳುತ್ತಾ ಹೋಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹುಳುಕಾದದ್ದು, ಕಿತ್ತದ್ದು, ತುಂಬಿಸಿದ್ದು ಎಷ್ಟು ಅಂತ ಎಣಿಸುತ್ತಾರೆ. ಇದಕ್ಕೆ ಡಿಎಂಎಫ್‌ಟಿ ಅಂತ ಹೆಸರು, 1938ರಿಂದ ಬಳಕೆಯಲ್ಲಿದೆ. ಮಗುವಿಗೆ ಎರಡು ಮೂರು ನಿಮಿಷದ ಕೆಲಸ.

ಜೊಲ್ಲಿಗೆ ಸೂಜಿ ಇಲ್ಲ, ಹತ್ತಿಯೂ ಇಲ್ಲ. ಒಂದು ಗಂಟೆ ಏನೂ ತಿನ್ನದೆ, ತಲೆ ಬಗ್ಗಿಸಿ ಕೂತು ಪುಟ್ಟ ಕಪ್ಪಿಗೆ ಸುರಿಸಬೇಕು. ಮಕ್ಕಳಿಗೆ ಅದೊಂದು ಹಬ್ಬ. ಯಾರದು ಜಾಸ್ತಿ ಅಂತ ಪೈಪೋಟಿ ಬೀಳುತ್ತಾರೆ. ಆಮೇಲೆ ಅದರ ಪಿಎಚ್ (ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ) ನೋಡುತ್ತಾರೆ, ಹುಳಿಯನ್ನು ಎಷ್ಟು ಚೆನ್ನಾಗಿ ಮುರಿಯುತ್ತದೆ ಅಂತ ನೋಡುತ್ತಾರೆ. ಸಿಹಿ ತಿಂದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ಕರಗಲು ಶುರು. ಅದನ್ನು ಮತ್ತೆ ಮೇಲಕ್ಕೆ ಎತ್ತುವುದು ಈ ಜೊಲ್ಲೇ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಮಗು ಇನ್ನೊಂದು ಬಿಸ್ಕತ್ತು ತಿಂದರೆ ಪಾಪ, ಜೊಲ್ಲು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ವಿಜಯನಗರದ ಅಮ್ಮ · ಶನಿವಾರ ಬೆಳಿಗ್ಗೆ 7:15

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆ ಹಾಳೆಯಲ್ಲಿ ಇದರ ಕಾಲು ಭಾಗವೂ ಇಲ್ಲ. ಅತ್ತೆ ಕೇಳುತ್ತಿದ್ದಾರೆ, ಹಲ್ಲಿನಲ್ಲಿ ಹುಳ ಇರುವಾಗ ಜೊಲ್ಲು ನೋಡಿ ಏನು ಪ್ರಯೋಜನ ಅಂತ. ಅವರ ಊರಿನಲ್ಲಿ ಹುಳ ತೆಗೆಯುವವರು ಬರುತ್ತಿದ್ದರಂತೆ. ಹೊಗೆ ಹಾಕಿದರೆ ಬಿಳೀ ಹುಳ ಉದುರುತ್ತಿತ್ತಂತೆ. ಕಣ್ಣಾರೆ ನೋಡಿದ್ದಾರಂತೆ.

ಪಿಜಿ ಎರಡನೇ ವರ್ಷ · ಶನಿವಾರ ಬೆಳಿಗ್ಗೆ 7:50

ಅತ್ತೆ ನೋಡಿದ್ದು ನಿಜವೇ, ಆದರೆ ಅದು ಹುಳ ಅಲ್ಲ! ನೆಲಗುಳ್ಳದ ಬೀಜ ಸುಟ್ಟು ಹೊಗೆ ಹಾಕುತ್ತಾರೆ. ಬಿಸಿಗೆ ಬೀಜ ಸಿಡಿದು ಒಳಗಿನ ಮೊಳಕೆ ಹೊರಗೆ ಬರುತ್ತದೆ. ಸುರುಳಿಯಾಗಿ ಥೇಟ್ ಹುಳದ ಹಾಗೇ ಕಾಣುತ್ತದೆ. ಹುಳುಕಿಗೆ ಕಾರಣ ಬ್ಯಾಕ್ಟೀರಿಯಾ ಮಾಡುವ ಆಮ್ಲ ಅಂತ ಬರ್ಲಿನ್ನಿನಲ್ಲಿದ್ದ ಡಬ್ಲ್ಯೂ. ಡಿ. ಮಿಲ್ಲರ್ 1890ರಲ್ಲೇ ಬರೆದರು. ಅವರೂ ಮಾಡಿದ್ದು ಜೊಲ್ಲಿನ ಕೆಲಸವೇ. ಕಿತ್ತ ಹಲ್ಲನ್ನು ಜೊಲ್ಲು ಮತ್ತು ಬ್ರೆಡ್ಡಿನಲ್ಲಿ ನೆನೆಸಿಟ್ಟು ಕರಗುವುದನ್ನು ತೋರಿಸಿದರು.

ಲೆಕ್ಕದ ಮೇಷ್ಟ್ರು · ಶನಿವಾರ ಬೆಳಿಗ್ಗೆ 9:30

ನಾನು ನಿವೃತ್ತ ಸಂಖ್ಯಾಶಾಸ್ತ್ರದ ಮೇಷ್ಟ್ರು. ಜಯನಗರದಲ್ಲಿ ಮನೆ. ಪಿಜಿ ಮಕ್ಕಳು ಥೀಸಿಸ್ಸಿನ ಲೆಕ್ಕ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ, ಎಲ್ಲ ಮುಗಿದ ಮೇಲೆ! ಮದುವೆ ಊಟ ಬಡಿಸಿದ ಮೇಲೆ ಅಡುಗೆಯವನನ್ನು ಕರೆದ ಹಾಗೆ.

ಹಾಳೆಯಲ್ಲಿ ಒಂದು ವಿಷಯ ಹುಡುಕಿ ತಾಯಿ. ಎಷ್ಟು ಮಕ್ಕಳು, ಆ ಸಂಖ್ಯೆ ಯಾಕೆ? ನಾನು ನೋಡಿದ ಥೀಸಿಸ್ಸುಗಳಲ್ಲಿ ಗುಂಪಿಗೆ 30 ಅನ್ನುವುದು ಮಂತ್ರ. ಯಾಕಪ್ಪಾ 30 ಅಂದರೆ "ಸೀನಿಯರ್ ಹಾಗೇ ಮಾಡಿದ್ದರು ಸಾರ್." ತುಳಸಿ ಮೌತ್‌ವಾಶ್, ಗ್ರೀನ್ ಟೀ ಮೌತ್‌ವಾಶ್, ದಾಳಿಂಬೆ ಸಿಪ್ಪೆ ಮೌತ್‌ವಾಶ್. 30 ಜನ, 15 ದಿನ. ಕೊನೆಯಲ್ಲಿ 'ಇನ್ನೂ ದೊಡ್ಡ ಅಧ್ಯಯನ ಬೇಕು' ಅಂತ ಒಂದು ಸಾಲು. ಆ ದೊಡ್ಡ ಅಧ್ಯಯನ ಯಾರು ಮಾಡುತ್ತಾರೋ ದೇವರೇ ಬಲ್ಲ. ಮೂರು ವರ್ಷದ ಕೋರ್ಸಿನಲ್ಲಿ ಹುಳುಕು ಆಗುವುದನ್ನು ಕಾಯಲು ಪುರುಸೊತ್ತಿಲ್ಲ. ಅದಕ್ಕೇ ಜೊಲ್ಲಿನ ಪಿಎಚ್, ಬ್ಯಾಕ್ಟೀರಿಯಾ ಎಣಿಕೆ ಅಂತ ಬೇಗ ಸಿಗುವುದನ್ನು ಅಳೆಯುತ್ತಾರೆ. ಪಿಎಚ್ ಅರ್ಧ ಪಾಯಿಂಟ್ ಏರಿದರೆ ಮಗುವಿಗೆ ಹಲ್ಲುನೋವು ತಪ್ಪುತ್ತದಾ? ಆ ಪ್ರಶ್ನೆಗೆ ಯಾವ ಪುಟದಲ್ಲೂ ಉತ್ತರ ಸಿಗಲ್ಲ.

ಪಿಜಿ ಎರಡನೇ ವರ್ಷ · ಶನಿವಾರ ಬೆಳಿಗ್ಗೆ 9:41

ಸಾರ್, ನೇರ ಹೊಟ್ಟೆಗೇ ಹೊಡೆದಿರಿ. ನನ್ನದೂ ಗುಂಪಿಗೆ 30 ಇತ್ತು. ಗೈಡ್ ಬೈದ ಮೇಲೆ ಲೆಕ್ಕ ಹಾಕಿ ಜಾಸ್ತಿ ಮಾಡಿದೆ.

ಬಾಗೇಪಲ್ಲಿ ಹುಡುಗ · ಶನಿವಾರ ಮಧ್ಯಾಹ್ನ 1:05

ಸುಮ್ಮನೆ ಓದಿಕೊಂಡು ಹೋಗೋಣ ಅಂತಿದ್ದೆ. ಆಗಲಿಲ್ಲ.

ನನ್ನ ಮೇಲಿನ ಎದುರು ಹಲ್ಲುಗಳು ಕಂದು. ಅಡ್ಡ ಪಟ್ಟೆ, ಅಲ್ಲಲ್ಲಿ ಗುಳಿ. ಬಾಗೇಪಲ್ಲಿ ಹತ್ತಿರದ ಹಳ್ಳಿ ನಮ್ಮದು. ಬೋರ್‌ವೆಲ್ ನೀರು ಕುಡಿದು ಬೆಳೆದವರು. ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಹೀಗೇ ಇತ್ತು. ಅದಕ್ಕೆ ಊರಲ್ಲಿ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಬೆಂಗಳೂರಿಗೆ ಬಂದು ಮೊದಲ ಇಂಟರ್‌ವ್ಯೂ ಕೊಟ್ಟಾಗ ಎದುರಿನವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗುಟ್ಕಾ ಹಾಕುತ್ತೀಯಾ ಅಂತ ಕೇಳಿದರು. ಅವತ್ತಿನಿಂದ ತುಟಿ ಮುಚ್ಚಿಕೊಂಡು ನಗುವುದು ಅಭ್ಯಾಸವಾಯಿತು.

ಹೇಳಬೇಕು ಅಂದುಕೊಂಡದ್ದು ಬೇರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ತಂಡ ಬಂತು. ಬಿಳಿ ಕೋಟು, ಒಂದು ಬಸ್ಸು. ನಮ್ಮನ್ನು ಸಾಲಾಗಿ ನಿಲ್ಲಿಸಿ "ಆ ಮಾಡು, ಈ ಮಾಡು" ಅಂದರು. ನಂಬರ್ ಬರೆದುಕೊಂಡರು. ಹಲ್ಲಿನ ಫೋಟೋ ತೆಗೆದರು. ಒಂದೊಂದು ಬ್ರಶ್ ಕೊಟ್ಟರು. ಹೋದರು. ನನಗೆ ಏನಾಗಿದೆ, ಯಾಕಾಗಿದೆ ಅಂತ ಯಾರೂ ಹೇಳಲಿಲ್ಲ. ಆ ನೀರನ್ನು ತಮ್ಮ ತಂಗಿಯರಿಗೆ ಕುಡಿಸಬೇಡಿ ಅಂತ ನಮ್ಮ ಅಮ್ಮನಿಗೆ ಹೇಳಲಿಲ್ಲ. ನನ್ನ ತಂಗಿಗೆ ಆಗ ಮೂರು ವರ್ಷ. ಅವಳ ಹಲ್ಲೂ ಈಗ ಹೀಗೇ ಇದೆ.

ನನ್ನ ಫೋಟೋ ಯಾವ ಪುಸ್ತಕದಲ್ಲಿದೆಯೋ ಏನೋ. ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ ಅಕ್ಕ. ವಾಪಸ್ ಬಂದು ಹೇಳುತ್ತೀರಾ ಅಂತ ಮಾತ್ರ ಕೇಳಿ.

ಪಿಜಿ ಎರಡನೇ ವರ್ಷ · ಶನಿವಾರ ಮಧ್ಯಾಹ್ನ 2:30

ಇದಕ್ಕೆ ಏನು ಬರೆಯಬೇಕು ಅಂತ ಒಂದು ಗಂಟೆಯಿಂದ ಕೂತಿದ್ದೇನೆ. ಎಂಟು ವರ್ಷದ ತನಕ, ಹಲ್ಲು ದವಡೆಯ ಒಳಗೆ ಬೆಳೆಯುವಾಗ, ನೀರಿನ ಜೊತೆ ಹೆಚ್ಚಾಗಿ ಕುಡಿದ ಫ್ಲೋರೈಡ್ ಅನ್ನುವ ಲವಣವೇ ಈ ಕಲೆ ಮಾಡುವುದು. ಆರನೇ ಕ್ಲಾಸಿನಲ್ಲಿ ನಿಮಗೆ ಹೇಳಿದ್ದರೂ ನಿಮ್ಮ ಹಲ್ಲು ಬದಲಾಗುತ್ತಿರಲಿಲ್ಲ. ತಂಗಿಯದು ಸ್ವಲ್ಪವಾದರೂ ತಪ್ಪುತ್ತಿತ್ತು. ಅದಕ್ಕೇ ಓದಿ ಸಂಕಟ ಆಯಿತು.

ಈಗ ಕಂದು ಕಲೆಗೆ ಸಣ್ಣ ಚಿಕಿತ್ಸೆಗಳಿವೆ, ಮೇಲಿನ ಪದರವನ್ನು ತೆಳ್ಳಗೆ ಉಜ್ಜಿ ತೆಗೆಯುವುದು, ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ ಹಚ್ಚುವುದು. ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ಡೆಂಟಲ್ ಕಾಲೇಜಿಗೆ ಒಮ್ಮೆ ಹೋಗಿ ನೋಡಿ.

ಅನುಮಾನದ ಅಣ್ಣ · ಶನಿವಾರ ಮಧ್ಯಾಹ್ನ 2:44

ನೋಡಿದಿರಾ? ಇದೇ ಫ್ಲೋರೈಡನ್ನು ಪೇಸ್ಟಿಗೂ ಹಾಕುತ್ತಾರೆ. ನಮ್ಮ ಮನೆಯಲ್ಲಿ ಬೇವಿನ ಕಡ್ಡಿ ಮಾತ್ರ.

ಲೆಕ್ಕದ ಮೇಷ್ಟ್ರು · ಶನಿವಾರ ಸಂಜೆ 4:10

ಅಣ್ಣ, ಉಪ್ಪು ಸಾರಿಗೂ ಬೇಕು. ಹಿಡಿಗಟ್ಟಲೆ ಹಾಕಿದರೆ ಸಾರು ಚೆಲ್ಲಬೇಕು. ಅಳತೆಯ ಪ್ರಶ್ನೆ ಇದು.

ಫ್ಲೋರೈಡಿನ ಗುಣ ಗೊತ್ತಾಗಿದ್ದೇ ಈ ಹುಡುಗನಂಥ ಹಲ್ಲುಗಳಿಂದ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸಿಗೆ ಹೋದ ಫ್ರೆಡರಿಕ್ ಮೆಕೇ ಅನ್ನುವ ಡಾಕ್ಟರು ಅಲ್ಲಿನವರ ಕಂದು ಹಲ್ಲು ನೋಡಿ ಗಾಬರಿಯಾದರು. ಕಾರಣ ಹುಡುಕುತ್ತಾ 30 ವರ್ಷ ಕಳೆದರು. ಆ ಹಲ್ಲು ನೋಡಲು ಚೆನ್ನಾಗಿಲ್ಲ, ಆದರೆ ಹುಳುಕು ಕಮ್ಮಿ ಅನ್ನುವುದನ್ನು ಅವರು ಗಮನಿಸಿದ್ದರು. 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನ ತಜ್ಞ ಚರ್ಚಿಲ್ ನೀರನ್ನು ಪರೀಕ್ಷೆ ಮಾಡಿ ಫ್ಲೋರೈಡ್ ಹಿಡಿದರು. ಆಮೇಲೆ ಟ್ರೆಂಡ್ಲಿ ಡೀನ್ ಊರೂರಿನ ನೀರು, ಮಕ್ಕಳ ಹಲ್ಲು ಎರಡನ್ನೂ ಹೋಲಿಸಿ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕು ಕಮ್ಮಿ, ಕಲೆಯೂ ಅಷ್ಟಾಗಿ ಕಾಣಲ್ಲ ಅಂತ ತೋರಿಸಿದರು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಎಷ್ಟೋ ಬೋರ್‌ವೆಲ್ ಇದನ್ನು ದಾಟುತ್ತವೆ. ಕಲ್ಲಿನ ಗುಣ ಅದು.

ಇದು ನನಗೆ ಇಷ್ಟವಾದ ಸಂಶೋಧನೆ. 30 ಜನ 15 ದಿನ ಅಲ್ಲ, 30 ವರ್ಷ!

ಟ್ಯಾಂಕರ್ ಕಾಲೊನಿ · ಶನಿವಾರ ಸಂಜೆ 5:00

ಹಾಗಾದರೆ ನಮ್ಮ ಕಥೆ? ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟು. ಕಾವೇರಿ ವಾರಕ್ಕೆ ಎರಡು ದಿನ, ಉಳಿದದ್ದು ಟ್ಯಾಂಕರ್. ಕುದಿಸಿ ಕುಡಿದರೆ ಸಾಕಲ್ವಾ?

ಪಿಜಿ ಎರಡನೇ ವರ್ಷ · ಶನಿವಾರ ಸಂಜೆ 5:20

ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಆರ್‌ಓ ತೆಗೆಯುತ್ತದೆ. ನದಿ ನೀರಿನಲ್ಲಿ ಸಾಮಾನ್ಯವಾಗಿ ಕಮ್ಮಿ ಇರುತ್ತದೆ. ಟ್ಯಾಂಕರಿನದು ಯಾವ ಬೋರ್‌ವೆಲ್ಲಿನದೋ, ಲ್ಯಾಬಿಗೆ ಒಂದು ಬಾಟಲಿ ಕೊಟ್ಟು ನೋಡುವುದೇ ದಾರಿ. ಚಿಕ್ಕ ಮಕ್ಕಳಿದ್ದರೆ ತಡ ಮಾಡಬೇಡಿ.

ಪೇಸ್ಟಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಫ್ಲೋರೈಡನ್ನು 1000 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 1000 ಭಾಗ) ಹೆಚ್ಚು ಹಾಕುವ ಹಾಗಿಲ್ಲ, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆಯಲೇಬೇಕು. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿ ಕಾಳಿನಷ್ಟು. ಉಗುಳಬೇಕು, ನುಂಗಬಾರದು. ಬ್ರಶ್ಶಿನ ಉದ್ದಕ್ಕೂ ಅಲೆ ಅಲೆಯಾಗಿ ಹಾಕುವುದು ಜಾಹೀರಾತಿನವರ ಕೆಲಸ. ಬೇವಿನ ಕಡ್ಡಿ ಪಾಚಿ ತೆಗೆಯುತ್ತದೆ, ಬೇಡ ಅನ್ನಲ್ಲ. ಆದರೆ ಹುಳುಕು ತಡೆಯುವುದಕ್ಕೆ ಫ್ಲೋರೈಡ್ ಪೇಸ್ಟಿಗೆ ಇರುವಷ್ಟು ಗಟ್ಟಿ ಪುರಾವೆ ಅದಕ್ಕಿಲ್ಲ.

ಮಲೆನಾಡ ಮಾಣಿ · ಶನಿವಾರ ಸಂಜೆ 6:15

ಹಲ್ಲಿನವರ ಸಂಶೋಧನೆ ಅಂದರೆ ನಮಗೆ ಭಯ. 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ಪಟ್ಟಿಗೆ ಸೇರಿಸಿತು. ನಮ್ಮ ಅಜ್ಜ 90 ವರ್ಷದ ತನಕ ಕವಳ (ಎಲೆ ಅಡಿಕೆ) ಹಾಕಿದರು.

ಲೆಕ್ಕದ ಮೇಷ್ಟ್ರು · ಶನಿವಾರ ಸಂಜೆ 6:20

ಅಜ್ಜನಿಗೆ ನಮಸ್ಕಾರ. ಒಬ್ಬ ಅಜ್ಜನ ಮೇಲೆ ಲೆಕ್ಕ ಮಾಡಲು ಬರಲ್ಲ ಮಾಣಿ. ಅಡಿಕೆ ಜಗಿದು ಬಾಯಿ ತೆರೆಯಲು ಬಾರದೆ ಎರಡು ಬೆರಳೂ ಹೋಗದ ಹುಡುಗರನ್ನು ನೀವು ನೋಡಿಲ್ಲ ಅನ್ನಿಸುತ್ತದೆ.

ವೇದಿಕೆ ನಿರ್ವಾಹಕ · ಶನಿವಾರ ಸಂಜೆ 6:31

ಅಡಿಕೆಗೆ ಬೇರೆ ಎಳೆ ತೆಗೆಯಿರಿ. ಕಳೆದ ಸಲ 400 ಪ್ರತಿಕ್ರಿಯೆ ಆಗಿ ಮುಚ್ಚಬೇಕಾಯಿತು.

ಟ್ಯಾಂಕರ್ ಕಾಲೊನಿ · ಶನಿವಾರ ರಾತ್ರಿ 8:00

ಬೆಂಗಳೂರಿನವರು ಮೌತ್‌ವಾಶ್ ಬಿಟ್ಟು ಬೇರೆ ಏನೂ ಮಾಡಿಲ್ಲವಾ? ಐಐಎಸ್‌ಸಿಯವರು ಹಲ್ಲಿಗೆ ರೋಬೋ ಬಿಟ್ಟಿದ್ದರಲ್ಲ?

ಪಿಜಿ ಎರಡನೇ ವರ್ಷ · ಶನಿವಾರ ರಾತ್ರಿ 8:35

ಹೌದು, 2022ರ ಸುದ್ದಿ. ಪ್ರೊಫೆಸರ್ ಅಂಬರೀಶ್ ಘೋಷ್ ಅವರ ಗುಂಪಿನ ಕೆಲಸ. ರೂಟ್ ಕೆನಾಲ್ ಮಾಡಿದ ಹಲ್ಲು ಕೆಲವೊಮ್ಮೆ ಮತ್ತೆ ಕೀವಾಗುತ್ತದಲ್ಲ, ಯಾಕೆ ಅಂದರೆ ಹಲ್ಲಿನ ಒಳಗೋಡೆಯಲ್ಲಿ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಬ್ಯಾಕ್ಟೀರಿಯಾ ಅದರೊಳಗೆ ಹೊಕ್ಕಿ ಕೂರುತ್ತದೆ. ನಮ್ಮ ಔಷಧಿ ನೀರು ಅಲ್ಲಿಗೆ ತಲುಪಲ್ಲ. ಇವರು ಸಿಲಿಕಾದಿಂದ ತಿರುಪಿನ ಆಕಾರದ ನ್ಯಾನೋಬಾಟ್ ಮಾಡಿ, ಕಬ್ಬಿಣ ಸವರಿ, ಹೊರಗಿನಿಂದ ಅಯಸ್ಕಾಂತದ ಬಲದಲ್ಲಿ ತಿರುಗಿಸುತ್ತಾ ಆಳಕ್ಕೆ ಕಳಿಸಿದರು. 2000 ಮೈಕ್ರೋಮೀಟರ್, ಅಂದರೆ 2 ಮಿಲಿಮೀಟರ್ ತನಕ ಹೋಯಿತು. ಅಲ್ಲಿ ಬಿಸಿ ಹುಟ್ಟಿಸಿ ಬ್ಯಾಕ್ಟೀರಿಯಾ ಕೊಲ್ಲಿಸಿದರು. ಆದರೆ ಇದು ಕಿತ್ತ ಹಲ್ಲುಗಳಲ್ಲಿ ತೋರಿಸಿದ್ದು. ನಾಳೆ ಕ್ಲಿನಿಕ್ಕಿಗೆ ಹೋಗಿ "ರೋಬೋ ಹಾಕಿ" ಅನ್ನಬೇಡಿ.

ನನ್ನ ಮನಸ್ಸು ಗೆದ್ದದ್ದು ಬೇರೆ. ತಿರುವನಂತಪುರದಲ್ಲಿ 1996ರಿಂದ ಸುಮಾರು 1.9 ಲಕ್ಷ ಜನರ ಮೇಲೆ ನಡೆದ ಅಧ್ಯಯನ. ತರಬೇತಿ ಕೊಟ್ಟ ಪದವೀಧರರು, ಡಾಕ್ಟರೂ ಅಲ್ಲ, ಮನೆಮನೆಗೆ ಹೋಗಿ ಬಾಯಿ ನೋಡಿದರು. ಅಷ್ಟೇ. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಭಾಗ ಕಮ್ಮಿಯಾಯಿತು. 2005ರಲ್ಲಿ ಪ್ರಕಟವಾಯಿತು. ಮೇಷ್ಟ್ರು ಕೇಳಿದಂಥ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ. ಅವರು ಪಿಎಚ್ ಅಳೆಯಲಿಲ್ಲ, ಯಾರು ಬದುಕಿದರು ಅಂತ ಎಣಿಸಿದರು.

ವಿಜಯನಗರದ ಅಮ್ಮ, ಸೋಮವಾರ ಕೇಳಲು ಇಷ್ಟು ಸಾಕು. ಐಸಿಎಂಆರ್ (ವೈದ್ಯಕೀಯ ಸಂಶೋಧನೆಯ ಸರ್ಕಾರಿ ಮಂಡಳಿ) 2017ರ ನಿಯಮದಲ್ಲೇ ಇದು ಇದೆ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು, ಹಾಳೆಯ ಒಂದು ಪ್ರತಿ ನಿಮಗೆ ಕೊಡಬೇಕು. ಏಳು ದಾಟಿದ ಮಗುವನ್ನೂ "ನಿನಗೆ ಓಕೇನಾ ಪುಟ್ಟಾ" ಅಂತ ಕೇಳಬೇಕು. ಬೇಡ ಅಂದರೆ ಬೇಡ, ಕಾರಣ ಕೊಡಬೇಕಿಲ್ಲ. ಉಳಿದ ಜೊಲ್ಲನ್ನು ಮುಂದೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವುದಾದರೆ ಅದಕ್ಕೆ ಬೇರೆ ಒಪ್ಪಿಗೆ ಬೇಕು.

ವಿಜಯನಗರದ ಅಮ್ಮ · ಸೋಮವಾರ ಸಂಜೆ 6:50

ಹೋಗಿದ್ದೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ. ಶಾಲೆಯವರಿಗೆ ಸ್ವಲ್ಪ ಕಿರಿಕಿರಿ ಆಯಿತು. "ಬೇರೆ ಯಾರೂ ಏನೂ ಕೇಳಿಲ್ಲ ಮೇಡಂ" ಅಂದರು. ಸಂಶೋಧನೆ ಮಾಡುವ ಹುಡುಗಿ ಬಂದಿದ್ದಳು, ಹಾಸನದ ಕಡೆಯವಳು. ನನ್ನ ಪಟ್ಟಿ ನೋಡಿ ಮೊದಲು ಹೆದರಿದಳು, ಆಮೇಲೆ ನಕ್ಕಳು. ಆ ಕನ್ನಡ ಅರ್ಧ ಪುಟ ಅವಳು ಬರೆದದ್ದಲ್ಲವಂತೆ, ಹಳೇ ಥೀಸಿಸ್ಸಿನಿಂದ ಬಂದದ್ದಂತೆ. ಲಾಲಾರಸ ಅಂದರೆ ಅವಳಿಗೂ ಗೊತ್ತಿರಲಿಲ್ಲ!

ಜೊಲ್ಲನ್ನು ಅವತ್ತೇ ಪರೀಕ್ಷೆ ಮಾಡಿ ಚೆಲ್ಲುತ್ತಾರೆ. 210 ಮಕ್ಕಳು. ಆ ಸಂಖ್ಯೆ ಯಾಕೆ ಅಂದೆ. ಲೆಕ್ಕ ತೋರಿಸಿದಳು. ನನಗೆ ಅರ್ಥವಾಗಲಿಲ್ಲ, ಆದರೆ ತೋರಿಸಿದಳು ಮೇಷ್ಟ್ರೇ. ಬಾಗೇಪಲ್ಲಿ ತಮ್ಮನ ಪ್ರಶ್ನೆಯನ್ನು ಕೊನೆಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಪ್ಲಾನಿನಲ್ಲಿ ಇರಲಿಲ್ಲ ಮೇಡಂ. ಪ್ರತಿ ಮಗುವಿಗೆ ಒಂದು ಚೀಟಿ ಕೊಡುತ್ತೇನೆ" ಅಂದಳು.

ಮಗನನ್ನು ಕೇಳಿದೆ. ಜೊಲ್ಲು ಸುರಿಸಿದರೆ ಬೈಯಲ್ಲ ಅಂದರೆ ಅವನು ಬಿಡುತ್ತಾನಾ. ಸಹಿ ಹಾಕಿದೆ.

ವಿಜಯನಗರದ ಅಮ್ಮ · ಮೂರು ವಾರದ ನಂತರ

ಚೀಟಿ ಬಂತು. ಕನ್ನಡದಲ್ಲೇ, ಕೈಬರಹ. ಹಿಂದಿನ ದವಡೆ ಹಲ್ಲೊಂದರಲ್ಲಿ ಹುಳುಕು ಶುರುವಾಗಿದೆ ಅಂತ ಇತ್ತು. ಹಾಲು ಹಲ್ಲು ತಾನೇ, ಬಿದ್ದುಹೋಗುತ್ತದೆ ಅಂತ ನಾನಿದ್ದೆ. ಅಲ್ಲವಂತೆ! ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ, ಹಾಲು ಹಲ್ಲುಗಳ ಹಿಂದೆ ಖಾಲಿ ಜಾಗದಲ್ಲಿ ಹೊಸದಾಗಿ ಬರುವ ಹಲ್ಲು ಅದು. ಜೀವಮಾನಕ್ಕೆ ಅದೇ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮಕ್ಕಳದ್ದೂ ಇವತ್ತು ರಾತ್ರಿ ಟಾರ್ಚು ಹಾಕಿ ನೋಡಿ. ಇಂಥ ನಾಲ್ಕು ಹಲ್ಲಿನಲ್ಲಿ ಒಂದಕ್ಕೆ ಸಣ್ಣ ಫಿಲ್ಲಿಂಗ್ ಆಯಿತು, ಉಳಿದ ಮೂರಕ್ಕೆ ಹುಳುಕು ಹಿಡಿಯದ ಹಾಗೆ ಸೀಲೆಂಟ್ ಅನ್ನುವ ಲೇಪ ಹಚ್ಚಿದರು.

ಬಾಗೇಪಲ್ಲಿ ಹುಡುಗ · ಅದೇ ದಿನ

ಖುಷಿಯಾಯಿತು ಅಕ್ಕ. ಒಟ್ಟು ಫಲಿತಾಂಶ ಹೇಳಲು ಶಾಲೆಗೆ ಬರುತ್ತಾರಂತಾ?

ವಿಜಯನಗರದ ಅಮ್ಮ · ಅದೇ ದಿನ

ಪರೀಕ್ಷೆಗೆ ಮುಂಚೆ ಪೋಷಕರ ಸಭೆಗೆ ಬರುತ್ತೇನೆ ಅಂದಿದ್ದಾಳೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಪಿಜಿ ಎರಡನೇ ವರ್ಷ · ಅದೇ ದಿನ

ಥೀಸಿಸ್ ಕೊಟ್ಟ ಮೇಲೆ ನಾವು ಫೋನ್ ಎತ್ತುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವಳ ಗೈಡಿನ ನಂಬರೂ ಇಟ್ಟುಕೊಳ್ಳಿ.

ವಿಜಯನಗರದ ಅಮ್ಮ · ಅದೇ ದಿನ

ಇಟ್ಟುಕೊಂಡಿದ್ದೇನೆ. ನಿಮ್ಮ ಗೈಡಿನದೂ ಯಾರಾದರೂ ಅಮ್ಮ ಇಟ್ಟುಕೊಂಡಿರುತ್ತಾಳೆ ಬಿಡಿ.